ಕರಿದ ಚಿಕನ್ ಸ್ಟ್ರಿಪ್ಸೋ, ತಂದೂರಿ ಚಿಕನ್ನೋ?

ಬೆಳಗಾವಿಯ ಹೋಟೆಲುಗಳಲ್ಲಿ ಎರಡೂ ಸಿಗುತ್ತವೆ. ಎರಡೂ ಕೋಳಿಯೇ ಆದರೂ ಲೆಕ್ಕ ಬೇರೆ.

ಕರಿದ ಸ್ಟ್ರಿಪ್ಸ್‌ನಲ್ಲಿ 100 ಗ್ರಾಂಗೆ ಸುಮಾರು 270ರಿಂದ 290 ಕ್ಯಾಲೊರಿ, 19 ಗ್ರಾಂ ಪ್ರೋಟೀನ್, 15 ಗ್ರಾಂ ಕೊಬ್ಬು. ಮೈದಾ, ಕಾರ್ನ್‌ಫ್ಲೋರ್ ಲೇಪನದಿಂದ 17ರಿಂದ 20 ಗ್ರಾಂ ಪಿಷ್ಟವೂ ಸೇರುತ್ತದೆ. ಸಕ್ಕರೆ ಕಾಯಿಲೆಯವರು ಮರೆಯುವುದು ಇದನ್ನೇ. ಚರ್ಮ ತೆಗೆದು ಸುಟ್ಟ ಎದೆಮಾಂಸದಲ್ಲಿ ಅಷ್ಟೇ ತೂಕಕ್ಕೆ 165 ಕ್ಯಾಲೊರಿ, 31 ಗ್ರಾಂ ಪ್ರೋಟೀನ್, 4 ಗ್ರಾಂಗಿಂತ ಕಡಿಮೆ ಕೊಬ್ಬು. ತಂದೂರಿಯ ಮೊಸರು, ಎಣ್ಣೆ ಇದನ್ನು ಸ್ವಲ್ಪ ಏರಿಸುತ್ತವೆ. ಮೇಲೆ ಬೆಣ್ಣೆ ಸವರಬೇಡಿ ಎಂದು ಮೊದಲೇ ಹೇಳಿ. ಕಾಲಿನ ತುಂಡಿಗಿಂತ ಎದೆಯ ತುಂಡಿನಲ್ಲಿ ಕೊಬ್ಬು ಕಡಿಮೆ.

ಸ್ಟ್ರಿಪ್ಸ್ ಕೆಡುವುದು ಬಾಣಲೆಯಲ್ಲಿ. ಎಣ್ಣೆ 175 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಒಮ್ಮೆಲೇ ಹೆಚ್ಚು ತುಂಡು ಹಾಕಿದರೆ ಕಾವು ಇಳಿದು, ಲೇಪನ ಗಟ್ಟಿಯಾಗುವ ಮೊದಲೇ ಎಣ್ಣೆ ಹೀರುತ್ತದೆ. ಮುರಿದಾಗ ಒಳಪದರ ಹಸಿಹಿಟ್ಟಿನಂತೆ ಅಂಟಿದರೆ, ಕಮಟು ವಾಸನೆ ಬಂದರೆ ಬಿಟ್ಟುಬಿಡಿ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು (ಎಣ್ಣೆ ಕೆಡುತ್ತಾ ಹೋದಂತೆ ಹುಟ್ಟುವ ವಸ್ತುಗಳು) ಶೇಕಡಾ 25 ಮೀರಬಾರದು ಎಂಬ ನಿಯಮವೇ ನಮ್ಮಲ್ಲಿದೆ.

ಸ್ಟ್ರಿಪ್ಸ್ ಜತೆ ಕೊಡುವ ಮೇಯನೇಸ್ ಒಂದು ದೊಡ್ಡ ಚಮಚಕ್ಕೆ ಸುಮಾರು 90 ಕ್ಯಾಲೊರಿ. ಬದಲಿಗೆ ಮೊಸರು ಕೇಳಿ.

ಉಪ್ಪು ಎರಡರಲ್ಲೂ ಹೆಚ್ಚೇ. ರಕ್ತದೊತ್ತಡ ಇರುವವರಿಗೆ ತಂದೂರಿ ಎಂದ ಮಾತ್ರಕ್ಕೆ ವಿನಾಯಿತಿ ಇಲ್ಲ.

ದಿನದ ಊಟಕ್ಕಾದರೆ ತಂದೂರಿ, ಜತೆಗೆ ಒಂದು ಜೋಳದ ರೊಟ್ಟಿ, ಹಸಿ ಈರುಳ್ಳಿ, ಸೌತೆಕಾಯಿ. ಸ್ಟ್ರಿಪ್ಸ್ ತಿನ್ನಲೇಬೇಕೆಂದರೆ ಒಂದು ಪ್ಲೇಟನ್ನು ಇಬ್ಬರು ಹಂಚಿಕೊಳ್ಳಿ, ಫ್ರೆಂಚ್ ಫ್ರೈಸ್ ಬೇಡ.