ಮುಂಬೈಯಲ್ಲಿ ಒಬ್ಬಳೇ ಉಳಿಯೋದಾದರೆ: ಕೊಲಾಬಾ, ಅಂಧೇರಿ, ಮಾಟುಂಗಾ

ಕೆಲಸದ ಮೇಲೆ ಮೂರು ಸಲ ಮುಂಬೈಗೆ ಒಬ್ಬಳೇ ಹೋದೆ. ಮೂರು ಸಲವೂ ಬೇರೆ ಬೇರೆ ಏರಿಯಾದಲ್ಲಿ ರೂಮು ಮಾಡಿದೆ. ಹಗಲಲ್ಲಿ ಮೂರೂ ಕಡೆ ಭಯವಿಲ್ಲ. ವ್ಯತ್ಯಾಸ ಗೊತ್ತಾಗಿದ್ದು ರಾತ್ರಿ ಹತ್ತರ ಮೇಲೆ, ರೂಮಿಗೆ ವಾಪಸ್ ನಡೆಯುವಾಗ.

ಮೊದಲ ಸಲ ಕೊಲಾಬಾ. ಗೇಟ್‌ವೇ ಆಫ್ ಇಂಡಿಯಾ ಹತ್ತಿರ, ಕಾಸ್‌ವೇ ರಸ್ತೆಯಲ್ಲಿ ಜನ, ಬೆಳಕು. ಆದರೆ ಕಡಿಮೆ ಬಾಡಿಗೆಯ ರೂಮು ಸಿಗೋದು ಹಿಂದಿನ ಓಣಿಗಳಲ್ಲಿ. ಅಂಗಡಿ ಮುಚ್ಚಿದ ಮೇಲೆ ಅಲ್ಲಿ ದಲ್ಲಾಳಿಗಳು ಬೆನ್ನು ಬಿಡೋದಿಲ್ಲ. ಲೋಕಲ್ ಟ್ರೇನಿಗೆ ಚರ್ಚ್‌ಗೇಟ್ ಸ್ಟೇಷನ್ನಿಗೋ ಸಿಎಸ್‌ಎಂಟಿಗೋ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಹೋಗಬೇಕು. ಆ ಭಾಗಕ್ಕೆ ಆಟೋ ಬರೋದಿಲ್ಲ, ಟ್ಯಾಕ್ಸಿಯೇ ಗತಿ.

ಎರಡನೇ ಸಲ ಅಂಧೇರಿ ಪೂರ್ವ. ವಿಮಾನ ನಿಲ್ದಾಣ ಹತ್ತಿರ, ಮೆಟ್ರೋ ಇದೆ, ರೂಮೂ ಚೊಕ್ಕವಾಗಿತ್ತು. ಮ್ಯಾಪ್‌ನಲ್ಲಿ ಮೆಟ್ರೋದಿಂದ ಏಳು ನಿಮಿಷದ ದಾರಿ. ಆದರೆ ಆ ದಾರಿಯುದ್ದಕ್ಕೂ ಆಫೀಸುಗಳ ಕಾಂಪೌಂಡ್ ಗೋಡೆ. ಸಂಜೆ ಆಫೀಸಿನವರೆಲ್ಲ ಮನೆಗೆ ಹೋದ ಮೇಲೆ ಒಂದು ಟೀ ಅಂಗಡಿಯೂ ಇಲ್ಲ. ತೀರಾ ಹತ್ತಿರ ಅಂತ ಆಟೋದವರು ಬರಲಿಲ್ಲ. ಏನೂ ಆಗಲಿಲ್ಲ ನಿಜ. ಆದರೆ ಬಾಗಿಲಿಗೆ ಚಿಲಕ ಹಾಕೋವರೆಗೂ ಎದೆ ಹೊಡೆದುಕೊಳ್ಳುತ್ತಿತ್ತು.

ಮೂರನೆಯದು ಮಾಟುಂಗಾ ಪೂರ್ವ. ನನ್ನ ಮನಸ್ಸಿಗೆ ಹಿಡಿಸಿದ್ದು ಇದೇ. ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ನನ್ನು 2017ರಿಂದ ಮಹಿಳೆಯರೇ ನಡೆಸುತ್ತಿದ್ದಾರೆ. ದೇಶದಲ್ಲಿ ಹಾಗೆ ಆದ ಮೊದಲ ಸ್ಟೇಷನ್ ಅದು. ಹೊರಗೆ ಬಂದರೆ ಹೂವಿನ ಅಂಗಡಿ, ಉಡುಪಿ ಹೋಟೆಲು. ಮುಖ್ಯವಾಗಿ, ರಸ್ತೆಗೆ ಮುಖ ಮಾಡಿದ ಮನೆಗಳಲ್ಲಿ ಸಂಸಾರಗಳಿವೆ. ಕಿಟಕಿಯಲ್ಲಿ ದೀಪ, ಊಟ ಮುಗಿಸಿ ಅಡ್ಡಾಡುವ ಅಜ್ಜಿಯರು. ನಮ್ಮೋರೂ ಜಾಸ್ತಿ, ಮೈಸೂರು ಅಸೋಸಿಯೇಷನ್ ಅನ್ನೋ ಕನ್ನಡಿಗರ ಸಂಘ ಇರೋದೂ ಇಲ್ಲೇ. ಎರಡನೇ ದಿನಕ್ಕೇ ಹೋಟೆಲಿನ ಕ್ಯಾಶ್ ಕೌಂಟರಿನವರು "ಊರು ಯಾವುದು ಮಾರಾಯ್ರೆ?" ಅಂತ ಕೇಳಿದರು. ಪರಊರಲ್ಲಿ ಮುಖ ಗುರುತು ಹಿಡಿಯೋರು ಒಬ್ಬರಿದ್ದರೆ ಎಷ್ಟು ಧೈರ್ಯ ಅಲ್ವಾ?

ತೊಂದರೆಗಳೂ ಇವೆ. ಲಾಡ್ಜುಗಳು ಕಡಿಮೆ, ಮುಂಚೆಯೇ ಬುಕ್ ಮಾಡಬೇಕು. ನನ್ನ ರೂಮು ಹಳೇದು, ಬಚ್ಚಲು ಇಕ್ಕಟ್ಟು. ಫಾಸ್ಟ್ ಲೋಕಲ್ ನಿಲ್ಲೋದಿಲ್ಲ, ದಾದರಿನಲ್ಲಿ ಇಳಿದು ಸ್ಲೋ ಟ್ರೇನ್ ಹತ್ತಬೇಕು.

ಈಗ ಬುಕ್ ಮಾಡೋ ಮುಂಚೆ ಲಾಡ್ಜಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳುತ್ತೇನೆ. ರಾತ್ರಿಯಿಡೀ ಕೌಂಟರಿನಲ್ಲಿ ಯಾರಾದರೂ ಇರುತ್ತಾರಾ? ಸ್ಟೇಷನ್ನಿಂದ ಬರೋ ದಾರಿಯಲ್ಲಿ ಹತ್ತು ಗಂಟೆಗೆ ಯಾವ ಅಂಗಡಿ ತೆರೆದಿರುತ್ತೆ? ಎರಡನೆಯದಕ್ಕೆ "ಟ್ಯಾಕ್ಸಿ ಸಿಗುತ್ತೆ ಮೇಡಂ" ಅಂದರೆ ಬೇರೆ ಕಡೆ ನೋಡುತ್ತೇನೆ.

ಮುಂದಿನ ತಿಂಗಳು ತಂಗಿ ಇಂಟರ್‌ವ್ಯೂಗೆ ಹೊರಟಿದ್ದಾಳೆ. ಅವಳಿಗೂ ಮಾಟುಂಗಾದಲ್ಲೇ ರೂಮು ಹೇಳಿದ್ದೇನೆ. ವಾಪಸ್ ವಿಮಾನ ಬೆಳಗಿನ ಜಾವ ಇರೋದರಿಂದ ಕೊನೆಯ ರಾತ್ರಿ ಮಾತ್ರ ಅಂಧೇರಿ. ಅದೂ ಕತ್ತಲಾಗೋ ಮುಂಚೆ ರೂಮು ಸೇರಿಕೋ ಅಂದಿದ್ದೇನೆ.