ಕ್ಯಾಂಬ್: ಪ್ರಾಜೆಕ್ಟಿಗೆ ಹೇಳಿ ಮಾಡಿಸಿದ್ದು, ಇನ್‌ಫ್ಲೇಶನ್ ಕಾಲದ ಹಿಗ್ಸ್ ಹುಡುಕುವವರು ಮಾತ್ರ ಎಚ್ಚರ

ಆಂಟನಿ ಲೂಯಿಸ್ ಮತ್ತು ಆಂಟನಿ ಚಾಲಿನರ್ ಬರೆದ ಕ್ಯಾಂಬ್, ವಿಶ್ವದ ಆದಿಯಿಂದ ಉಳಿದು ಬಂದ ಬೆಳಕಿನ (ಸಿಎಂಬಿ) ಉಷ್ಣತೆಯ ಏರಿಳಿತವನ್ನು ಲೆಕ್ಕ ಹಾಕುವ, ಪುಕ್ಕಟೆ ಸಿಗುವ ತಂತ್ರಾಂಶ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿವಿಯಲ್ಲೋ ವಿಶ್ವವಿಜ್ಞಾನದ ಪ್ರಾಜೆಕ್ಟ್ ಹಿಡಿದವರು ಧೈರ್ಯವಾಗಿ ಹಾಕಿಕೊಳ್ಳಬಹುದು. ‘ಪಿಪ್ ಇನ್‌ಸ್ಟಾಲ್ ಕ್ಯಾಂಬ್’ ಎಂದು ಪೈಥಾನ್ ಇರುವ ಲ್ಯಾಪ್‌ಟಾಪಿನಲ್ಲಿ ಕೊಟ್ಟರೆ ಮೊಬೈಲ್ ಹಾಟ್‌ಸ್ಪಾಟಿನಲ್ಲೇ ಇಳಿಯುತ್ತದೆ, ಆಮೇಲೆ ನೆಟ್ ಬೇಡ.

ಹಬಲ್ ಸ್ಥಿರಾಂಕ (ವಿಶ್ವ ಈಗ ಹಿಗ್ಗುವ ದರ) 67.4, ಎನ್‌ಎಸ್ (ಆದಿಯ ಏರಿಳಿತದ ಓರೆ) 0.965, ಟಾವ್ (ಆ ಬೆಳಕು ದಾರಿಯಲ್ಲಿ ಚದುರಿದ ಪ್ರಮಾಣ) 0.054 ಕೊಟ್ಟು ಓಡಿಸಿ. ಗ್ರಾಫಿನ ಮೊದಲ ಶಿಖರ ಎಲ್ 220ರ ಹತ್ತಿರ ಬರಬೇಕು. ಎಲ್ ಎಂದರೆ ಆಕಾಶದ ಮೇಲಿನ ಅಳತೆಯ ಅಂಕಿ, ಅದು ಹೆಚ್ಚಿದಷ್ಟೂ ಅಳತೆ ಸಣ್ಣದು. ಎತ್ತರ ತೀರಾ ಸಣ್ಣ ಅಂಕಿಯಾಗಿ ಬಂದರೆ ಏಕಮಾನ ಹೇಳಿಲ್ಲ ಎಂದರ್ಥ. ಮೈಕ್ರೊಕೆಲ್ವಿನ್ ಕೇಳಿದರೆ, ಅದರ ವರ್ಗದಲ್ಲಿ, 5700ರ ಸುತ್ತ ಬರುತ್ತದೆ. ಎಲ್ ಗುಣಿಸು ಎಲ್ ಪ್ಲಸ್ 1, ಭಾಗಿಸು 2 ಪೈ: ಈ ಲೆಕ್ಕ ಅದರೊಳಗೇ ಆಗಿರುತ್ತದೆ. ಮತ್ತೆ ಗುಣಿಸಿದವರ ಗ್ರಾಫ್ ಮೇಲಕ್ಕೆ ಹಾರಿಹೋಗುತ್ತದೆ.

ಇನ್‌ಫ್ಲೇಶನ್‌ನ (ವಿಶ್ವ ಆದಿಯಲ್ಲಿ ಕ್ಷಣಮಾತ್ರದಲ್ಲಿ ಭಾರೀ ಹಿಗ್ಗಿದ ಘಟ್ಟದ) ಏರಿಳಿತವನ್ನು ನಾವೇ ಬರೆದುಕೊಡಬಹುದು, ಇದರ ದೊಡ್ಡ ಗುಣ ಇದು. ಆದರೆ ಕ್ಯಾಂಬ್ ಎಲ್ಲ ಎಲ್‌ಗಳನ್ನೂ ಲೆಕ್ಕ ಹಾಕುವುದಿಲ್ಲ, ಕೆಲವನ್ನು ಹಾಕಿ ನಡುವಿನದನ್ನು ತುಂಬಿಸುತ್ತದೆ. ಸಣ್ಣ ಅಲೆಗಳು ಅಲ್ಲಿ ಅಳಿಸಿಹೋಗುತ್ತವೆ. ‘ಎಲ್‌ಸ್ಯಾಂಪಲ್‌ಬೂಸ್ಟ್’ 50 ಮಾಡಿದರೆ ಒಂದೊಂದನ್ನೂ ಲೆಕ್ಕ ಹಾಕುತ್ತದೆ. ಕಲಬುರಗಿಯ ಮೇ ಬಿಸಿಲಿಗೆ ಲ್ಯಾಪ್‌ಟಾಪ್ ಕಾದು ನಿಧಾನವಾಗುತ್ತದೆ, ಇಂಥದ್ದನ್ನು ನಸುಕಿನಲ್ಲೇ ಓಡಿಸಿ.

ಇಷ್ಟಾದರೂ ಆ ಅಲೆಯನ್ನು ಹಿಗ್ಸ್‌ನ (ಇತರ ಕಣಗಳಿಗೆ ದ್ರವ್ಯರಾಶಿ ಕೊಡುವ ಕ್ಷೇತ್ರದ ಕಣ) ಗುರುತು ಎಂದು ವರದಿಯಲ್ಲಿ ಬರೆಯಬೇಡಿ. ಇನ್‌ಫ್ಲೇಶನ್‌ನಲ್ಲಿ ಹುಟ್ಟಿದ ಭಾರದ ಕಣಗಳ ಸ್ಪಷ್ಟ ಗುರುತು ಇರುವುದು ಮೂರು ಬಿಂದುಗಳ ನಂಟಿನಲ್ಲಿ, ಅಂದರೆ ಬೈಸ್ಪೆಕ್ಟ್ರಮ್‌ನಲ್ಲಿ. ಅದಕ್ಕೆ ಇಲ್ಲಿ ಸಿದ್ಧ ಗುಂಡಿ ಇಲ್ಲ. ಪಕ್ಕದ ಮನೆಯ ರೊಟ್ಟಿ ಬಡಿತದ ಲಯ ಗೋಡೆಯಾಚೆಯಿಂದಲೇ ತಿಳಿಯುವಂತೆ, ಬೈಸ್ಪೆಕ್ಟ್ರಮ್‌ನ ಅಲೆಯ ಲಯದಿಂದ ಕಣದ ದ್ರವ್ಯರಾಶಿ ತಿಳಿಯುತ್ತದೆ. ಲಯದ ಅಂಕಿ: ದ್ರವ್ಯರಾಶಿಯನ್ನು ಆಗಿನ ಹಬಲ್ ಪ್ರಮಾಣದಿಂದ (ಆಗ ವಿಶ್ವ ಹಿಗ್ಗುತ್ತಿದ್ದ ದರದಿಂದ) ಭಾಗಿಸಿ, ವರ್ಗ ಮಾಡಿ, 9/4 ಕಳೆದು, ವರ್ಗಮೂಲ ತೆಗೆಯಿರಿ. ದ್ರವ್ಯರಾಶಿ ಹಬಲ್ ಪ್ರಮಾಣದ 2 ಪಟ್ಟಾದರೆ 1.32. ಒಂದೇ ಕಣದ ವಿನಿಮಯದಲ್ಲಿ ಅಲೆ ಒಂದು ಸುತ್ತು ಮುಗಿಸಲು ಹೋಲಿಸುವ ದೊಡ್ಡ-ಸಣ್ಣ ಅಳತೆಗಳ ಅನುಪಾತ ಸುಮಾರು 115 ಪಟ್ಟು ಬದಲಾಗಬೇಕು. ಎಲ್ 2ರಿಂದ 2500ರವರೆಗೆ ಒಂದೂವರೆ ಸುತ್ತಷ್ಟೇ ಹಿಡಿಸುತ್ತದೆ. 3 ಪಟ್ಟಾದರೆ ಸುತ್ತಿಗೆ 11 ಪಟ್ಟು ಸಾಕು, ಆದರೆ ಗುರುತು ಕುಗ್ಗುವ ಅಂಶ 1.6 ಶೇಕಡಾದಿಂದ 0.03 ಶೇಕಡಾಕ್ಕೆ ಇಳಿಯುತ್ತದೆ. ಹಿಗ್ಸ್ ಜೋಡಿಯಾಗಿಯೇ ಬಂದರೆ ಇನ್ನೂ ಬೇಗ ಮಾಯ.

ಇನ್ನೊಂದು: ಲೆಕ್ಕಕ್ಕೆ ಪ್ರಯೋಗಾಲಯದಲ್ಲಿ ಅಳೆದ ಹಿಗ್ಸ್ ದ್ರವ್ಯರಾಶಿ 125 ಜಿಇವಿ (ಕಣಗಳ ಶಕ್ತಿ, ದ್ರವ್ಯರಾಶಿ ಅಳೆಯುವ ಏಕಮಾನ) ಹಾಕಬೇಡಿ. ಆಗಿನ ಹಬಲ್ ಪ್ರಮಾಣ ಹತ್ತರ 13ನೇ ಘಾತದ ಜಿಇವಿವರೆಗೂ ಇದ್ದಿರಬಹುದು, ಅಂಥಲ್ಲಿ ಹಿಗ್ಸ್‌ನ ದ್ರವ್ಯರಾಶಿಯೇ ಬೇರೆ.