ತಾರಸಿ ಇದ್ದವರಿಗೂ ಇಲ್ಲದವರಿಗೂ: ಹಾಸನದ ಒಂದು ಸೌರ ವಿದ್ಯುತ್ ನೆರವು ಕೇಂದ್ರದ ಸೇವೆ

ಹಾಸನದಲ್ಲಿ ಸೌರ ವಿದ್ಯುತ್ತಿನ ವಿಷಯವಾಗಿ ಸಾರ್ವಜನಿಕರಿಗೆ ಸಲಹೆ ಕೊಡುವ, ಜೊತೆಗೆ ರಾಜ್ಯದ ಸೌರ ನೀತಿ ಬಡವರಿಗೂ ದಕ್ಕುವಂತಾಗಬೇಕೆಂದು ಒತ್ತಾಯಿಸುವ ಒಂದು ಚಿಕ್ಕ ಸ್ವಯಂಸೇವಾ ಸಂಸ್ಥೆ ಇದೆ. ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ ಅದರ ಸೇವೆಯನ್ನು ಪಡೆದಿದ್ದೇನೆ. ಇಬ್ಬರೇ ಕುಳಿತು ನಡೆಸುವ ಕಚೇರಿಯಾದ್ದರಿಂದ ಹೊರ ಜಿಲ್ಲೆಗಳ ಕರೆಗಳು ಬಂದರೆ ನಿಭಾಯಿಸಲು ಆಗುವುದಿಲ್ಲವೆಂದು ಅವರು ಕೇಳಿಕೊಂಡದ್ದರಿಂದ ಹೆಸರನ್ನು ಬರೆಯುತ್ತಿಲ್ಲ. ಹಾಸನದವರು ವಿಚಾರಿಸಿದರೆ ದಾರಿ ತಿಳಿಯುವುದು ಕಷ್ಟವಲ್ಲ.

ನಾನು ಹೋದದ್ದು ನನ್ನ ಮನೆಯ ಕೆಲಸಕ್ಕೆ. ಕೆಳಗೆ ನಾವು, ಮೇಲೆ ಮಗನ ಸಂಸಾರ, ಇಬ್ಬರಿಗೂ ಒಂದೇ ಮೀಟರು. ತಿಂಗಳ ಬಳಕೆ 280 ಯೂನಿಟ್ಟಿನ ಆಸುಪಾಸು. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗಿರುವುದರಿಂದ ನಮಗೆ ಆ ಯೋಜನೆಯ ಪ್ರಯೋಜನ ಸಿಕ್ಕಿರಲಿಲ್ಲ. ಮೇಲಾಗಿ ಆರ್.ಆರ್. ಸಂಖ್ಯೆ, ಅಂದರೆ ವಿದ್ಯುತ್ ಸಂಪರ್ಕದ ನೋಂದಣಿ ಸಂಖ್ಯೆ, ತೀರಿಹೋದ ನನ್ನ ತಂದೆಯ ಹೆಸರಿನಲ್ಲಿಯೇ ಇತ್ತು. ಅರ್ಜಿದಾರನ ಹೆಸರಿಗೂ ಬಿಲ್ಲಿನ ಹೆಸರಿಗೂ ತಾಳೆಯಾಗದಿದ್ದರೆ ಕೇಂದ್ರ ಸರ್ಕಾರದ ಸಹಾಯಧನದ ಅರ್ಜಿ ಮುಂದೆ ಹೋಗುವುದಿಲ್ಲ ಎಂಬುದು ನನಗೆ ಅಲ್ಲಿಯೇ ಗೊತ್ತಾದದ್ದು. ಪೌತಿ ಖಾತೆ ಮಾಡಿಸಿದ ಮೇಲೆ ಮೀಟರಿನ ಹೆಸರನ್ನೂ ಬದಲಿಸಬೇಕೆಂಬುದು ನಮ್ಮಲ್ಲಿ ಬಹಳ ಮಂದಿಗೆ ಹೊಳೆಯುವುದೇ ಇಲ್ಲ. ಅವರು ಬೇಕಾದ ಕಾಗದಗಳ ಪಟ್ಟಿಯನ್ನು ಕೈಬರಹದಲ್ಲಿ ಬರೆದುಕೊಟ್ಟು, ಅರ್ಜಿಯ ಒಕ್ಕಣೆಯನ್ನು ತಿದ್ದಿ, ಒಂದೂವರೆ ತಿಂಗಳಲ್ಲಿ ಹೆಸರು ಬದಲಾಗುವವರೆಗೂ ವಿಚಾರಿಸುತ್ತಲೇ ಇದ್ದರು.

ಈ ಸಹಾಯಧನ ಕೊಡುವ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಆರಂಭವಾಯಿತು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟಿನಲ್ಲಿ ಒಂದು ಮನೆಗೆ ಹೆಚ್ಚೆಂದರೆ 78,000 ರೂಪಾಯಿ ಸಹಾಯಧನ. ಈ ಲೆಕ್ಕವನ್ನು ಫಲಕ ಮಾರುವವರೂ ಹೇಳುತ್ತಾರೆ. ಅವರು ಹೇಳದೆ ಬಿಡುವ ಸಂಗತಿಗಳನ್ನು ಈ ಕಚೇರಿಯಲ್ಲಿ ಬಿಡಿಸಿ ಹೇಳಿದರು. ಸಹಾಯಧನ ಬರುವುದು ಕೆಲಸ ಮುಗಿದು ನೆಟ್ ಮೀಟರು (ಜಾಲದಿಂದ ಪಡೆದ, ಜಾಲಕ್ಕೆ ಕೊಟ್ಟ ಯೂನಿಟ್ಟುಗಳೆರಡನ್ನೂ ಅಳೆಯುವ ಮೀಟರು) ಚಾಲೂ ಆದ ಮೇಲೆ. ಅಲ್ಲಿಯವರೆಗೆ ಪೂರ್ತಿ ಹಣವನ್ನು ಕೈಯಿಂದಲೋ ಸಾಲದಿಂದಲೋ ಹೊಂದಿಸಬೇಕು. 1 ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಎಂಬುದು ವರ್ಷದ ಸರಾಸರಿಯೇ ಹೊರತು ಆಷಾಢದ ಮಳೆಯಲ್ಲಿ ನಿರೀಕ್ಷಿಸುವ ಲೆಕ್ಕವಲ್ಲ. ನಮ್ಮ 3 ಕಿಲೋವ್ಯಾಟ್ ಘಟಕ ಮಾರ್ಚಿನಲ್ಲಿ ದಿನಕ್ಕೆ 13 ಯೂನಿಟ್ ಕೊಟ್ಟರೆ ಜುಲೈನಲ್ಲಿ 7ಕ್ಕೆ ಇಳಿಯಿತು. ಸಕಲೇಶಪುರದ ಕಡೆ ಮಳೆಗಾಲದ ಇಳಿಕೆ ಇದಕ್ಕಿಂತಲೂ ಹೆಚ್ಚು. ತೋಟದ ಮನೆಯ ಸುತ್ತ ಸಿಲ್ವರ್ ಮರಗಳಿದ್ದರೆ ಬಿಸಿಲುಗಾಲದಲ್ಲೂ ಮಧ್ಯಾಹ್ನದ ನಂತರ ನೆರಳು ಬೀಳುತ್ತದೆ. ಮಂಗಳೂರು ಹೆಂಚಿನ ಮಾಡಿನ ಮೇಲೆ ಫಲಕ ಕೂರಿಸಲು ಬೇರೆಯದೇ ಆಧಾರ ಬೇಕು, ಅದರ ಖರ್ಚೂ ಬೇರೆ. ಈ ಮಾತುಗಳನ್ನು ಮೊದಲೇ ಕೇಳಿದ್ದರಿಂದ ಜುಲೈ ತಿಂಗಳ ಬಿಲ್ಲು ನೋಡಿ ನನಗೆ ಗಾಬರಿಯಾಗಲಿಲ್ಲ.

ಕೆಲಸ ಹಿಡಿದಿದ್ದ ಗುತ್ತಿಗೆದಾರರು ನಡುವೆ ಒಂದು ದಿನ, "ತಾಂತ್ರಿಕ ಪರಿಶೀಲನೆ ಆಗಬೇಕು, ಲೈನು ಬಲಪಡಿಸಬೇಕು, ಅದಕ್ಕೆ ಹದಿನೆಂಟು ಸಾವಿರ ಆಗುತ್ತದೆ ಸಾರ್" ಎಂದರು. ನಾನು ಕೊಡಲು ತಯಾರಾಗಿಯೇ ಇದ್ದೆ. ಒಮ್ಮೆ ಕೇಳಿಬಿಡೋಣವೆಂದು ಕಚೇರಿಗೆ ಹೋದಾಗ ಅಲ್ಲಿನ ಹೆಣ್ಣುಮಗಳು 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರತಿಯನ್ನು ತೆಗೆದು ಎರಡು ಸಾಲುಗಳ ಕೆಳಗೆ ಗೆರೆ ಎಳೆದುಕೊಟ್ಟರು. 10 ಕಿಲೋವ್ಯಾಟ್‌ವರೆಗಿನ ಮನೆಯ ಮೇಲಿನ ಘಟಕದ ಅರ್ಜಿಯನ್ನು ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಇಲ್ಲದೆಯೇ ಒಪ್ಪಿಕೊಂಡಂತೆ ಭಾವಿಸಬೇಕು. 5 ಕಿಲೋವ್ಯಾಟ್‌ವರೆಗಿನ ಘಟಕಕ್ಕಾಗಿ ವಿದ್ಯುತ್ ಜಾಲವನ್ನು ಬಲಪಡಿಸಬೇಕಾಗಿ ಬಂದರೆ ಆ ವೆಚ್ಚ ವಿದ್ಯುತ್ ವಿತರಣಾ ಸಂಸ್ಥೆಯದು. ಆ ಹಾಳೆಯನ್ನು ತೋರಿಸಿದ ಮೇಲೆ ಹದಿನೆಂಟು ಸಾವಿರದ ಮಾತು ಮತ್ತೆ ಬರಲಿಲ್ಲ. ನಾನು ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನು, ಓದು ಬರಹ ಬಲ್ಲವನು. ನನಗೇ ಈ ನಿಯಮ ತಿಳಿದಿರಲಿಲ್ಲವೆಂದ ಮೇಲೆ ಸಹಿ ಹಾಕಲು ಹಿಂಜರಿಯುವವರು ಎಷ್ಟು ಕಳೆದುಕೊಂಡಿರಬಹುದೆಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.

ಸಂಸ್ಥೆ ಯಾವ ಗುತ್ತಿಗೆದಾರರ ಹೆಸರನ್ನೂ ಸೂಚಿಸುವುದಿಲ್ಲ, ಯಾರಿಂದಲೂ ಕಮಿಷನ್ ಪಡೆಯುವುದಿಲ್ಲ. ಸದಸ್ಯತ್ವಕ್ಕೆ ವರ್ಷಕ್ಕೆ 200 ರೂಪಾಯಿ. ಸದಸ್ಯರಲ್ಲದವರಿಗೂ ಸಲಹೆ ಉಚಿತ. ಜಮಾ ಖರ್ಚಿನ ಹಾಳೆಯನ್ನು ಗೋಡೆಗೆ ಅಂಟಿಸಿರುತ್ತಾರೆ.

ನನಗೆ ಇವರ ಮೇಲೆ ವಿಶ್ವಾಸ ಹುಟ್ಟಿದ್ದು ಮಾತ್ರ ಬೇರೊಂದು ಸಂದರ್ಭದಲ್ಲಿ. ನಮ್ಮ ಪಕ್ಕದ ಮನೆಯ ಅಕ್ಕನವರು ನಮ್ಮ ತಾರಸಿಯನ್ನು ನೋಡಿ ತಾವೂ ಹಾಕಿಸುತ್ತೇನೆಂದು ನನ್ನೊಡನೆ ಬಂದರು. ಅವರ ಬಳಕೆ 110 ಯೂನಿಟ್, ಬಿಲ್ಲು ಸೊನ್ನೆ. ಸೌರ ವಿದ್ಯುತ್ತನ್ನು ಹರಡುವುದಕ್ಕೆಂದೇ ಇರುವ ಸಂಸ್ಥೆಯವರು ಹನ್ನೆರಡು ತಿಂಗಳ ಬಿಲ್ಲುಗಳನ್ನು ನೋಡಿ, "ಈಗ ನೀವು ಸಾಲ ಮಾಡಿ ಹಾಕಿಸಬೇಡಿ ಅಮ್ಮ, ನಿಮಗೆ ಇದರಿಂದ ತಿಂಗಳಿಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ" ಎಂದು ನೇರವಾಗಿ ಹೇಳಿ ಕಳಿಸಿದರು.

ಹಾಗೆ ಹೇಳಿ ಕಳಿಸಿ ಅಷ್ಟಕ್ಕೇ ಸುಮ್ಮನಾಗುವವರಲ್ಲ ಇವರು. ರಾಜ್ಯದ ಸೌರ ನೀತಿಯಲ್ಲಿ ಇವರು ಕಾಣುವ ಮುಖ್ಯ ತೊಡಕು ಇದೇ. ಗೃಹಜ್ಯೋತಿ 2023ರ ಜುಲೈಯಿಂದ ಬಡ ಮತ್ತು ಮಧ್ಯಮ ವರ್ಗದ ಮನೆಗಳ ಬಿಲ್ಲನ್ನು ಇಳಿಸಿತು, ಅದು ನಿಜವಾದ ನೆರವು. ಅದನ್ನು ತೆಗೆಯಬೇಕೆಂದು ಇವರಲ್ಲಿ ಯಾರೂ ಹೇಳುವುದಿಲ್ಲ. ಆದರೆ ಸೊನ್ನೆ ಬಿಲ್ಲಿನ ಮನೆಯವರಿಗೆ ಫಲಕ ಹಾಕಿಸಲು ಕಾರಣವೇ ಉಳಿಯದೆ ಇರುವುದರಿಂದ ಕೇಂದ್ರದ ಸಹಾಯಧನವೆಲ್ಲ ಹೆಚ್ಚು ವಿದ್ಯುತ್ ಬಳಸುವ, ಸ್ವಂತ ತಾರಸಿಯುಳ್ಳ, ಮುಂಗಡ ಹಣ ಹೊಂದಿಸಬಲ್ಲ ನನ್ನಂಥವರ ಮನೆಗಳಿಗೆ ಹರಿಯುತ್ತದೆ. ಸರ್ಕಾರ ಈ ಮನೆಗಳ ಪರವಾಗಿ ಪ್ರತಿ ತಿಂಗಳೂ ವಿತರಣಾ ಸಂಸ್ಥೆಗೆ ಕಟ್ಟುವ ಹಣದ ಒಂದು ಪಾಲನ್ನು ಅದೇ ಮನೆಗಳ ತಾರಸಿಯ ಮೇಲೆ ಬಂಡವಾಳವಾಗಿ ಹೂಡಿದರೆ ಮನೆಯವರಿಗೆ ಉಚಿತ ವಿದ್ಯುತ್ ಮುಂದುವರಿಯುತ್ತದೆ, ಸರ್ಕಾರದ ಹೊರೆ ಕೆಲವು ವರ್ಷಗಳಲ್ಲಿ ಇಳಿಯುತ್ತದೆ ಎಂಬುದು ಇವರ ವಾದ. 2022ರಿಂದ 2027ರವರೆಗಿನ ರಾಜ್ಯದ ನವೀಕರಿಸಬಹುದಾದ ಇಂಧನ ನೀತಿಯಲ್ಲಿ 10 ಗಿಗಾವ್ಯಾಟ್ ಹೊಸ ಸಾಮರ್ಥ್ಯದ ಗುರಿ ಇದ್ದು, ಅದರಲ್ಲಿ ತಾರಸಿಗಳ ಪಾಲು 1 ಗಿಗಾವ್ಯಾಟ್‌ವರೆಗೆ. ಆ 1 ಗಿಗಾವ್ಯಾಟ್ ಯಾರ ತಾರಸಿಗಳ ಮೇಲೆ ಏಳುತ್ತದೆ ಎಂದು ಕೇಳುವವರು ಜಿಲ್ಲಾ ಮಟ್ಟದಲ್ಲಿ ಇದ್ದಾರೆಂಬುದೇ ನನಗೆ ಸಮಾಧಾನ ಕೊಟ್ಟಿತು.

ಪಾವಗಡದ ಉದಾಹರಣೆಯನ್ನು ಇವರು ಪ್ರತಿ ಸಭೆಯಲ್ಲೂ ಎತ್ತುತ್ತಾರೆ, ಎತ್ತಬೇಕಾದದ್ದೇ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಎದ್ದಾಗ ಜಮೀನನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಬಾಡಿಗೆ ಕೊಟ್ಟದ್ದು ಒಳ್ಳೆಯ ಮಾದರಿಯೇ. ಪಹಣಿಯಲ್ಲಿ ಹೆಸರಿದ್ದವರಿಗೆ ಬಾಡಿಗೆ ಬಂತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಆ ಬಾಡಿಗೆಯಲ್ಲಿ ಪಾಲಿರಲಿಲ್ಲ. ರೈತರಿಗಾಗಿ ಇರುವ ಕುಸುಮ್ ಯೋಜನೆಯ ಸೌರ ಪಂಪ್‌ಸೆಟ್ಟಿಗೆ ಕೇಂದ್ರದಿಂದ ಶೇ. 30, ರಾಜ್ಯದಿಂದ ಶೇ. 50 ನೆರವಿದ್ದು ರೈತ ಶೇ. 20 ಕಟ್ಟಿದರೆ ಸಾಕು. ಆದರೆ ಅರಸೀಕೆರೆಯ ಕಡೆ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ, ಹೊಲ ಮಾಡುವವನ ಹೆಸರಿನಲ್ಲಿ ಪಹಣಿ ಎಲ್ಲಿಂದ ಬರಬೇಕು?

ಹಾಸನ, ಚಿಕ್ಕಮಗಳೂರು ಎರಡು ಜಿಲ್ಲೆಗಳಿಗೆ ಸಂಬಂಧಿಸಿದಂತೆ ಇದಕ್ಕಿಂತ ದೊಡ್ಡ ಪ್ರಶ್ನೆ ಕಾಫಿ ತೋಟಗಳ ಲೈನ್ ಮನೆಗಳದು, ಅಂದರೆ ಕಾರ್ಮಿಕರು ವಾಸಿಸುವ ಸಾಲು ಮನೆಗಳದು. ನನ್ನ ತಮ್ಮನ ತೋಟ ಸಕಲೇಶಪುರದ ಬಳಿ ಇರುವುದರಿಂದ ಇದನ್ನು ನಾನು ಕಣ್ಣಾರೆ ಬಲ್ಲೆ. ಮಾಡು ಮಾಲೀಕರದು, ಹಲವು ಕಡೆ ಮೀಟರೂ ಮಾಲೀಕರ ಹೆಸರಿನಲ್ಲಿಯೇ ಇರುತ್ತದೆ. ಇಪ್ಪತ್ತು ವರ್ಷ ಅಲ್ಲೇ ಬಾಳಿದ ಕುಟುಂಬಕ್ಕೂ ತನ್ನ ಮನೆಗೆಂದೇ ಪ್ರತ್ಯೇಕವಾದ ಒಂದು ಆರ್.ಆರ್. ಸಂಖ್ಯೆ ಇಲ್ಲದಿದ್ದರೆ ಗೃಹಜ್ಯೋತಿಯೂ ಇಲ್ಲ, ಸೂರ್ಯಘರ್ ಸಹಾಯಧನವೂ ಇಲ್ಲ. ಸಂಸ್ಥೆಯವರು ಇದಕ್ಕೆ ಎರಡು ಹಂತದ ಬೇಡಿಕೆ ಇಟ್ಟಿದ್ದಾರೆ. ಮೊದಲನೆಯದು, ಪ್ರತಿ ಲೈನ್ ಮನೆಗೂ ಪ್ರತ್ಯೇಕ ಮೀಟರ್. ಎರಡನೆಯದು, ಶಾಲೆ ಅಥವಾ ಪಂಚಾಯಿತಿ ಕಟ್ಟಡದ ಮೇಲೆ ಒಂದೇ ದೊಡ್ಡ ಘಟಕ ಹಾಕಿ, ಅಲ್ಲಿ ಉತ್ಪಾದನೆಯಾದ ಯೂನಿಟ್ಟುಗಳನ್ನು ಪಾಲುದಾರ ಕುಟುಂಬಗಳ ಬಿಲ್ಲುಗಳಲ್ಲಿ ಹಂಚಿ ಕಳೆಯುವ ಏರ್ಪಾಡು. ವರ್ಚುವಲ್ ನೆಟ್ ಮೀಟರಿಂಗ್ ಎಂದು ಕರೆಯುವ ಇದಕ್ಕೆ ದೆಹಲಿಯಲ್ಲಿ 2019ರಲ್ಲಿಯೇ ಮಾರ್ಗಸೂಚಿ ಬಂದಿತ್ತು. ಸ್ವಂತ ಸೂರಿಲ್ಲದವನೂ ಸೂರ್ಯನ ಬೆಳಕಿಗೆ ಪಾಲುದಾರನಾಗಬಹುದಾದ ದಾರಿ ಇದೊಂದೇ ಎಂದು ನನಗೂ ಅನ್ನಿಸುತ್ತದೆ.

ಇಷ್ಟು ಒಳ್ಳೆಯ ಬೇಡಿಕೆಯ ಸಭೆಯಲ್ಲಿ ಲೈನ್ ಮನೆಯ ಒಬ್ಬರೂ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಹಾಸನದಲ್ಲಿ ಸಭೆ ಇಟ್ಟರೆ, ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಖರ್ಚು ಹಾಕಿಕೊಂಡು ಯಾರು ಬರುತ್ತಾರೆ? ನಿವೃತ್ತರು, ವಕೀಲರು, ಇಬ್ಬರು ಬೆಳೆಗಾರರು ಕುಳಿತು ಅವರ ಪರವಾಗಿ ಠರಾವು ಮಾಡಿದೆವು. ತೋಟಗಳಿಗೆ ವಾರದ ರಜೆ ಇರುವ ಸಂತೆಯ ದಿನ, ಸಂತೆಯ ಊರಿನಲ್ಲೇ ಸೇರಬೇಕೆಂದು ನಾನು ಬರೆದುಕೊಟ್ಟೆ. ಸಂಚಾಲಕರು ತಪ್ಪನ್ನು ತಕ್ಷಣ ಒಪ್ಪಿಕೊಂಡರು, ಆದರೆ ಅಂಥ ಸಭೆ ನಡೆಯಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು, ಬಂದವರು ಒಂಬತ್ತು ಜನ. ಆ ಒಂಬತ್ತು ಜನರಲ್ಲಿ ಒಬ್ಬ ಹೆಂಗಸು, ಬಿಲ್ಲಿಗಿಂತ ಮೊದಲು ರಾತ್ರಿ ಲೈನಿನ ಮುಂದೆ ಒಂದು ದೀಪ ಬೇಕು, ಆನೆ ಬಂದರೆ ಕಾಣುವುದಿಲ್ಲ ಎಂದರು. ಅದುವರೆಗೆ ಸಂಸ್ಥೆಯ ಯಾವ ಕಾಗದದಲ್ಲೂ ಆ ಮಾತು ಇರಲಿಲ್ಲ.

ಅಲ್ಲಿಯೇ ನನ್ನ ಇನ್ನೊಂದು ಭಿನ್ನಾಭಿಪ್ರಾಯವೂ ಇದೆ. ಇವರ ಗಮನವೆಲ್ಲ ನೆಟ್ ಮೀಟರಿನ ಮೇಲಿದೆ. ಬ್ಯಾಟರಿ ಇಲ್ಲದ ಜಾಲಸಂಪರ್ಕದ ಘಟಕ, ಕರೆಂಟು ಹೋದ ಕೂಡಲೇ ತಾನೂ ನಿಂತುಹೋಗುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್‌ಗೆ ಅಪಾಯವಾಗಬಾರದೆಂದು ಹಾಗೆ ಮಾಡಿರುವುದು ಸರಿಯೇ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದ ಮಲೆನಾಡಿನ ಹಳ್ಳಿಗೆ ಸಮಾನ ಅವಕಾಶವೆಂದರೆ ಬಿಲ್ಲಿನ ಉಳಿತಾಯವಲ್ಲ, ನಾಲ್ಕು ದೀಪ ಮತ್ತು ಒಂದು ಮೊಬೈಲ್ ಚಾರ್ಜು. ಮನೆಗೊಂದು ಚಿಕ್ಕ ಫಲಕ, ಬ್ಯಾಟರಿ, ಕಂತಿನ ಸಾಲ ಎಂಬ ದಾರಿಯನ್ನು ಸೆಲ್ಕೋ ಸಂಸ್ಥೆ 1995ರಿಂದ ಕರ್ನಾಟಕದಲ್ಲಿಯೇ ತೋರಿಸಿದೆ, ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಈ ಅನುಭವಕ್ಕೆ ಇವರ ಬೇಡಿಕೆಪಟ್ಟಿಯಲ್ಲಿ ಒಂದೇ ಸಾಲಿನ ಜಾಗ ಸಿಕ್ಕಿರುವುದು ಕೊರತೆಯೆಂದೇ ನನ್ನ ಅಭಿಪ್ರಾಯ.

ವಿದ್ಯುತ್ ದರದ ಅರ್ಜಿಗಳ ವಿಷಯದಲ್ಲಿ ಇವರ ಕೆಲಸಕ್ಕೆ ಪೂರ್ಣ ಅಂಕ ಕೊಡುತ್ತೇನೆ. ವಿತರಣಾ ಸಂಸ್ಥೆಗಳು ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ ಯಾವ ಗ್ರಾಹಕನಾದರೂ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಆಕ್ಷೇಪಣೆ ಸಲ್ಲಿಸಬಹುದು. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಆಯೋಗ ಅವುಗಳನ್ನು ಪರಿಗಣಿಸಿಯೇ 120 ದಿನಗಳೊಳಗೆ ಆದೇಶ ಹೊರಡಿಸಬೇಕು. ನೂರಾರು ಪುಟಗಳ ಅರ್ಜಿಯನ್ನು ಇವರು ಎಂಟು ಪುಟದ ಕನ್ನಡಕ್ಕೆ ಇಳಿಸಿ, ಮೂರು ಸಂಜೆ ಕೂರಿಸಿ ಓದಿಸಿದರು. ನೆಟ್ ಮೀಟರಿನಿಂದ ಹೊರಹೋಗುವ ಹೆಚ್ಚುವರಿ ಯೂನಿಟ್ಟಿಗೆ ಸಿಗುವ ದರವನ್ನು ಆಯೋಗವೇ ನಿಗದಿ ಮಾಡುತ್ತದೆ, ಸ್ಥಿರ ಶುಲ್ಕವನ್ನೂ ಅದೇ ನಿರ್ಧರಿಸುತ್ತದೆ, ಹೀಗಾಗಿ ನಮ್ಮ ತಾರಸಿಯ ಲೆಕ್ಕಾಚಾರದ ಅರ್ಧ ಬೆಂಗಳೂರಿನ ಆ ಕಚೇರಿಯಲ್ಲಿ ತೀರ್ಮಾನವಾಗುತ್ತದೆ ಎಂಬುದು ನನಗೆ ಆ ಸಂಜೆಗಳಲ್ಲಿ ಅರ್ಥವಾಯಿತು. ನಾವು ಹದಿನಾಲ್ಕು ಮಂದಿ ಲೈನ್ ಮನೆಗಳ ಮೀಟರಿನ ವಿಷಯವನ್ನು ಸೇರಿಸಿ ಆಕ್ಷೇಪಣೆ ಬರೆದು ಸಹಿ ಹಾಕಿದೆವು.

ಸೇವೆಯ ಸಣ್ಣಪುಟ್ಟ ತೊಂದರೆಗಳೂ ಇವೆ. ಮಧ್ಯಾಹ್ನ ನಾಲ್ಕರ ನಂತರ ದೂರವಾಣಿ ಎತ್ತುವುದಿಲ್ಲ. ಹಾಸನ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ, ಚಿಕ್ಕಮಗಳೂರು ಮಂಗಳೂರಿನ ಮೆಸ್ಕಾಂಗೆ ಸೇರಿರುವುದರಿಂದ ಮೂಡಿಗೆರೆ, ಬಾಳೂರು ಕಡೆಯವರಿಗೆ ಇಲ್ಲಿ ಸಾಮಾನ್ಯ ಸಲಹೆ ಸಿಕ್ಕೀತೇ ಹೊರತು ಕಡತದ ಬೆನ್ನು ಹತ್ತುವ ಸಹಾಯ ಸಿಗುವುದಿಲ್ಲ. ಕರಪತ್ರಗಳ ಭಾಷೆ ಇನ್ನೂ ತಿಳಿಯಾಗಬೇಕು. "ಮಂಜೂರಾದ ಹೊರೆ" (ಮನೆಗೆ ಮಂಜೂರಾದ ಕಿಲೋವ್ಯಾಟ್ ಮಿತಿ) ಎಂದು ಬರೆದ ಕಡೆ ಅದು ಬಿಲ್ಲಿನ ಯಾವ ಮೂಲೆಯಲ್ಲಿ ಇರುತ್ತದೆಂದು ಚಿತ್ರ ಹಾಕಿ ತೋರಿಸಿದ್ದರೆ ಅರ್ಧ ಜನ ಕಚೇರಿಗೆ ಬರುವುದೇ ತಪ್ಪುತ್ತಿತ್ತು.

ಹೋಗುವವರು ಹಿಂದಿನ ಹನ್ನೆರಡು ತಿಂಗಳ ಬಿಲ್ಲು, ಖಾತೆಯ ಪ್ರತಿ, ಆಧಾರ್, ಬ್ಯಾಂಕ್ ಪುಸ್ತಕದ ಮೊದಲ ಪುಟ ಮತ್ತು ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ತೆಗೆದ ತಾರಸಿಯ ಎರಡು ಫೋಟೋಗಳನ್ನು ಒಯ್ಯಬೇಕು. ಮೀಟರು ತೀರಿಕೊಂಡವರ ಹೆಸರಿನಲ್ಲಿದ್ದರೆ ಮರಣ ಪ್ರಮಾಣಪತ್ರವೂ ಜೊತೆಗಿರಲಿ. ಬಾಡಿಗೆ ಮನೆಯಲ್ಲಿ ಅಥವಾ ಲೈನ್ ಮನೆಯಲ್ಲಿ ಇರುವವರು ಕಾಗದವೇನೂ ಇಲ್ಲವೆಂದು ಹಿಂಜರಿಯದೆ ಹೋಗಬಹುದು. ಅಂಥವರ ಹೆಸರು, ಊರು, ತೋಟದ ವಿವರಗಳನ್ನು ಬರೆದಿಟ್ಟುಕೊಳ್ಳಲು ಕಚೇರಿಯಲ್ಲಿ ಈಗ ಒಂದು ಬೇರೆ ಪುಸ್ತಕವನ್ನೇ ಇಟ್ಟಿದ್ದಾರೆ.